ಮಂಜು ಬಂದರಿಗೆ ನೀರು ಬಿಡುವ ಮೊದಲು

ಮಾರ್ಚ್ 9, ಶನಿವಾರ

ಕೊನೆಗೂ ತಾರೀಕು ಹೇಳಿದರು. ಹೇಳಿದ ರೀತಿ ಮಾತ್ರ ನನಗೆ ಚೂರೂ ಹಿಡಿಸಲಿಲ್ಲ. ನಾಮಿಹಾರಾ ಮನರಂಜನಾ ಪಾರ್ಕಿನ ಹೊಸ ವಿಭಾಗವನ್ನು, ನಾವೆಲ್ಲ ಐದು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿರುವ ‘ಮಂಜು ಬಂದರ’ನ್ನು, ಒಂದೇ ಸಲಕ್ಕೆ ತೆರೆಯುವುದಿಲ್ಲವಂತೆ. ಹಂತ ಹಂತವಾಗಿಯಂತೆ. ಏಪ್ರಿಲ್ 20ಕ್ಕೆ ಬಂದರಿನ ಬೀದಿ, ಅಂಗಡಿ, ತಿಂಡಿಯ ಗಾಡಿಗಳು. ನವೆಂಬರಿಗೆ ದೀಪಸ್ತಂಭ ಮತ್ತು ದೋಣಿ ಸವಾರಿ. ಮಿಕ್ಕಿದ್ದು ಮುಂದಿನ ವರ್ಷ. ಮದುವೆಗೆ ಕರೆದು, ಇವತ್ತು ಊಟದ ಮನೆ ನೋಡಿ ಹೋಗಿ, ಮದುಮಗಳನ್ನು ಚಳಿಗಾಲಕ್ಕೆ ತೋರಿಸುತ್ತೇವೆ ಅಂದ ಹಾಗಾಯಿತು.

ಹಾಗಂತ ಬೆಳಿಗ್ಗೆ ಕಂಡದ್ದನ್ನು ಬರೆಯದೆ ಮಲಗಲಾರೆ. ಕೆಲಸಕ್ಕೆ ಹೋಗುವ ರೈಲು ಪಾರ್ಕಿನ ಬೇಲಿ ದಾಟುವ ಹೊತ್ತಿಗೆ ಸರಿಯಾಗಿ ಕ್ರೇನು ದೀಪಸ್ತಂಭದ ತಾಮ್ರದ ತಲೆಯನ್ನು ಎತ್ತುತ್ತಿತ್ತು. ಅಷ್ಟು ದೊಡ್ಡದು, ಅಷ್ಟು ನಿಧಾನವಾಗಿ, ಒಂದು ಚೂರೂ ಅಲುಗಾಡದೆ ಮೇಲೇರಿತು. ಬೋಗಿಯಲ್ಲಿದ್ದವರೆಲ್ಲ ಫೋನು ಕೆಳಗಿಟ್ಟು ನೋಡಿದರು. ಟೈ ಕಟ್ಟಿದ ಒಬ್ಬಾತ ‘ಓಹ್’ ಅಂದು ತಾನೇ ನಾಚಿಕೊಂಡ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಯಾರೂ ನೋಡಲಿಲ್ಲ.

ಸಂಜೆ ತೊಕಿಕೊ ಫೋನು ಮಾಡಿದಳು. ಇಪ್ಪತ್ತು ವರ್ಷದ ಹಿಂದೆ ಈ ಪಾರ್ಕಿನದೇ ಸಾಲಿನಲ್ಲಿ ಸಿಕ್ಕ ಗೆಳತಿ. ಅವತ್ತಿನಿಂದ ಅಲ್ಲಿ ಹೊಸದೇನು ಬಂದರೂ ಮೊದಲ ಸಲ ಇಬ್ಬರೂ ಒಟ್ಟಿಗೇ ನೋಡುವುದು ಅಂತ ಮಾತು. ಅದನ್ನು ಒಮ್ಮೆಯೂ ತಪ್ಪಿಸಿಲ್ಲ. ಇವತ್ತು ಅವಳ ಹತ್ತಿರ ಎರಡು ಸುದ್ದಿ ಇತ್ತು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ‘ಕಜು ಚಾನ್, ಏಪ್ರಿಲ್‌ಗೆ ಬಂದರು ತೆಗೀತಾರಂತೆ ಕಣೇ. ನಮ್ಮೋರಿಗೆ ದೂರದ ಉತ್ತರದ ಕುಶಿರೊಗೆ ವರ್ಗ ಆಯ್ತು, ಜೂನ್‌ಗೆ ಹೊರಡ್ಬೇಕು.’

‘ಹಂತ ಹಂತವಾಗಿ ಅಂದ್ರೆ ಏನರ್ಥ? ಇದೇನು ಕಂತಿನ ಮೇಲೆ ಫ್ರಿಜ್ ಕೊಡೋ ಹಾಗೆ’ ಅಂತ ನಾನು ಅರ್ಧ ಗಂಟೆ ಕೂಗಾಡಿದೆ. ಕುಶಿರೊ ವಿಷಯ ಕೇಳಲು ಮರೆತೇ ಹೋಯಿತು.

ಮಾರ್ಚ್ 10, ಭಾನುವಾರ

ಸ್ಟೇಷನ್ ಎದುರಿನ ರೆಸ್ಟೋರೆಂಟಿನಲ್ಲಿ ಪಾರ್ಕಿನ ಹುಚ್ಚು ಹಿಡಿದ ನಮ್ಮ ಮಂದಿಯ ತಿಂಗಳ ಕೂಟ. ಒಂದು ಸಲ ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ತುಂಬಿಸಿಕೊಂಡು ಕುಡಿಯುವ ಮೂಲೆಯಲ್ಲಿ ಕೂತೆವು. ಕೂತವರು ಎರಡು ಪಂಗಡವಾಗಿ ಒಡೆದೆವು.

ಕಾಯಬೇಕು ಎನ್ನುವವರ ಮುಖಂಡ ಉಶಿಯಾಮಾ ಸಾನ್. ನಿವೃತ್ತ ಹೆಡ್‌ಮಾಸ್ಟರು. ಮೆಲನ್ ಸೋಡಾ ಕೈಯಲ್ಲಿ ಹಿಡಿದರೂ ಬೆಳಗಿನ ಪ್ರಾರ್ಥನೆಯ ಮುಂದೆ ನಿಂತಂತೆಯೇ ಮಾತಾಡುತ್ತಾರೆ. ‘ರಾಮೆನ್ ಅಂಗಡಿಗೆ ಹೋಗ್ತೀರಿ. ಇವತ್ತು ಬರೀ ಸಾರು, ನೂಡಲ್ಸು ನವೆಂಬರಿಗೆ ಅಂತಾರೆ. ಕುಡೀತೀರಾ? ಮೊದಲ ನೋಟ ಅನ್ನೋದು ಒಂದೇ ಸಲ ಬರೋದು. ಅದನ್ನ ಅರೆಬರೆ ಮಾಡ್ಕೋಬಾರದು.’

‘ಹಂಗಂದ್ರೆ ಸಾಕುರಾ ಹೂ ಪೂರ್ತಿ ಅರಳೋವರೆಗೂ ಕಣ್ಣಿಗೆ ಬಟ್ಟೆ ಕಟ್ಕೊಂಡು ಓಡಾಡ್ತೀರಾ ನೀವು?’ ಅಂತ ತೊಕಿ ಕೇಳಿದಳು. ‘ಒಂದೊಂದೇ ಮೊಗ್ಗು ನೋಡೋದ್ರಲ್ಲೇ ಇರೋದು ಸುಖ.’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಎದ್ದು ನಿಂತು, ಪೂರ್ತಿಯಾಗುವವರೆಗೆ, ಕಡೇ ಪಕ್ಷ ನವೆಂಬರಿನವರೆಗೆ, ಮಂಜು ಬಂದರಿಗೆ ಕಾಲಿಡುವುದಿಲ್ಲ, ಒಂದು ಚಿತ್ರವನ್ನೂ ನೋಡುವುದಿಲ್ಲ, ಒಂದು ಸುದ್ದಿಯನ್ನೂ ಕೇಳುವುದಿಲ್ಲ ಅಂತ ಘೋಷಿಸಿದೆ. ಉಶಿಯಾಮಾ ಸಾನ್ ಎದ್ದು, ‘ಭೇಷ್ ನಿಶಿಗಾಕಿ ಸಾನ್’ ಎಂದು ಬಾಗಿ ನನಗೆ ನಮಸ್ಕರಿಸಿದರು. ತೊಕಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಹೇಳಿದಳು, ‘ನವೆಂಬರಿಗೆ ನಾನು ಇಲ್ಲಿರಲ್ವಲ್ಲೇ.’

‘ಬಂದರೆ ಆಯ್ತು. ಮಾತು ಅಂದ್ರೆ ಮಾತು. ಒಟ್ಟಿಗೇ ನೋಡೋದು. ನವೆಂಬರಿಗೆ ನೀನು ಬರಲೇಬೇಕು.’

ಅವಳು ಸ್ಟೇಷನ್ ಕಡೆ ನಡೆದಳು. ಇದರಲ್ಲಿ ಯೋಚಿಸಲು ಏನಿದೆ? ಇಷ್ಟು ಸರಳ ವಿಷಯ.

ಮಾರ್ಚ್ 24, ಭಾನುವಾರ

ವ್ರತ ಸಾಂಗವಾಗಿ ನಡೆಯುತ್ತಿದೆ. ಪಾರ್ಕಿನ ಸುದ್ದಿ ಬರುವ ಗುಂಪುಗಳೆಲ್ಲ ಫೋನಿನಿಂದ ಮಾಯ. ರೈಲಿನಲ್ಲಿ ಬೇಲಿಯ ಕಡೆಗೆ ಬೆನ್ನು ಹಾಕಿ ಕೂರುತ್ತೇನೆ. ಸ್ಟೇಷನ್ನಿನ ಮೆಟ್ಟಿಲ ಹತ್ತಿರ ದೊಡ್ಡ ಜಾಹೀರಾತು ಅಂಟಿಸಿದ್ದಾರೆಂದು ಹಿಂದಿನ ಬಾಗಿಲಿಂದ ಸುತ್ತು ಹಾಕಿ ಹೊರಗೆ ಬರುತ್ತೇನೆ. ನಮ್ಮ ಮಂದಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ನೋಡದವರ ಮುಂದೆ ನೋಡಿದ್ದನ್ನು, ಕೇಳಿದ್ದನ್ನು ಬಾಯಿ ಬಿಡಬಾರದು. ಹಾಗಾಗಿ ಅವರಿಂದ ಭಯವಿಲ್ಲ.

ಭಯ ಟಿವಿಯದು. ಸಂಜೆಯ ವಾರ್ತೆಯಲ್ಲಿ ‘ನಾಮಿಹಾರಾ’ ಅಂದ ಕೂಡಲೇ ಕುಶನ್ನು ಮುಖಕ್ಕೆ ಒತ್ತಿಕೊಂಡು ‘ಲಾಲಾಲಾ’ ಎಂದು ಹಾಡಿದೆ. ನಮ್ಮವರು ಚಾನೆಲ್ ಬದಲಾಯಿಸಿ, ‘ಪಾರ್ಕಿಗೆ ಹೋಗೋಕೆ ಮಠ ಸೇರಿದೋರನ್ನ ಇದೇ ಮೊದಲು ನೋಡ್ತಿರೋದು’ ಅಂದರು. ಆಮೇಲೆ, ‘ತೊಕಿಕೊ ಸಾನ್ ಹೊರಡೋದು ಯಾವತ್ತು?’ ಅಂತ ಕೇಳಿದರು.

ಸಾರಿಗೆ ಮೀಸೊ ಹೆಚ್ಚಾಗಿ ಉಪ್ಪುಪ್ಪಾಗಿತ್ತು. ಮತ್ತೆ ಮಾಡಬೇಕಾಯಿತು.

ಏಪ್ರಿಲ್ 20, ಶನಿವಾರ

ಇವತ್ತು ತೆರೆಯಿತು. ನಾನು ಹೋಗಲಿಲ್ಲ.

ತೊಕಿ ಗೇಟಿನವರೆಗೆ ಹೋಗಿದ್ದಳಂತೆ, ಒಳಗೆ ಹೋಗಲಿಲ್ಲವಂತೆ. ಸಿಬ್ಬಂದಿ ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಜನರನ್ನು ಒಳಗೆ ಬಿಡುವ ಸದ್ದು ಕೇಳಿ ವಾಪಸು ಬಂದಳಂತೆ. ಒಂದು ಚಿತ್ರ ಕಳಿಸಿದಳು: ಗೇಟಿನ ಗೆರೆಯ ಈಚೆ ಅವಳ ಎರಡು ಶೂ, ಪಕ್ಕದಲ್ಲಿ ನನ್ನದೊಂದು ಜೊತೆಗೆ ಆಗುವಷ್ಟು ಜಾಗ. ಇದರಲ್ಲಿ ನೋಡಬಾರದ್ದೇನೂ ಇರಲಿಲ್ಲ, ಅದಕ್ಕೇ ನೋಡಿದೆ. ಬಹಳ ಹೊತ್ತು ನೋಡಿದೆ.

ಏಪ್ರಿಲ್ 30, ಮಂಗಳವಾರ

ನಾನು ಕೆಲಸ ಮಾಡುವ ಡ್ರೈಕ್ಲೀನಿಂಗ್ ಅಂಗಡಿಗೆ ಒಂದು ವಿಚಿತ್ರ ಕಲೆ ಬರತೊಡಗಿದೆ. ಪ್ಯಾಂಟಿನ ಎರಡೂ ಮೊಣಕಾಲಿನ ಮೇಲೆ, ಅಂಗೈಯಷ್ಟು ಅಗಲಕ್ಕೆ, ನೀಲಿ ಕಲೆಸಿದ ಬೂದು ಬಣ್ಣದ ಹುಡಿ. ಮೊದಲು ಒಬ್ಬ ಹುಡುಗಿಯ ಬಿಳಿ ಪ್ಯಾಂಟು. ಆಮೇಲೆ ಒಬ್ಬ ಆಫೀಸಿನವರ ಸೂಟು. ಇವತ್ತು ಒಬ್ಬ ಅಜ್ಜಿಯ ಕಿಮೋನೊ, ಅದೂ ಮೊಣಕಾಲಿನ ಹತ್ತಿರವೇ.

‘ಇದು ಮಂಜು ಬಂದರಿನಲ್ಲಿ...’ ಅಂತ ಅಜ್ಜಿ ಶುರು ಮಾಡಿದರು.

‘ಬೇಡಿ ಅಜ್ಜಿ, ಹೇಳ್ಬೇಡಿ. ನಾನಿನ್ನೂ ನೋಡಿಲ್ಲ.’

ಅಜ್ಜಿ ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು, ‘ಅಯ್ಯೋ ತಪ್ಪಾಯ್ತು’ ಎಂದು ತಲೆ ಬಾಗಿಸಿದರು. ಹೋಗುವಾಗ ತಡೆಯಲಾರದೆ ತಿರುಗಿ, ‘ನನಗೆ ಎಂಬತ್ತು ದಾಟಿದೆ. ಈ ಮಂಡಿ ನೆಲ ಮುಟ್ಟಿ ಎಷ್ಟೋ ವರ್ಷ ಆಗಿತ್ತಮ್ಮ’ ಎಂದು ನಕ್ಕರು.

ಹುಡಿ ಬ್ರಷ್ಷಿಗೆ ಸುಲಭವಾಗಿ ಬಂತು. ಬೆರಳಲ್ಲಿ ತಿಕ್ಕಿದರೆ ಸೀಮೆಸುಣ್ಣದ ಹಾಗೆ ನಯ. ಅಲ್ಲಿ ಏನನ್ನು ಕಂಡು ಜನ ಮೊಣಕಾಲೂರುತ್ತಿದ್ದಾರೆ? ಇಡೀ ಮಧ್ಯಾಹ್ನ ಅದನ್ನೇ ಯೋಚಿಸಿದೆ. ಯೋಚಿಸುವುದು ವ್ರತಭಂಗವಲ್ಲ.

ಮೇ 12, ಭಾನುವಾರ

ಕೂಟ ಮುಗಿದ ಮೇಲೆ ತೊಕಿ ನನ್ನನ್ನು ಉಳಿಸಿಕೊಂಡಳು. ಐಸ್ ಕರಗಿದ ಲೋಟ ತಿರುಗಿಸುತ್ತ ಕೂತಿದ್ದಳು.

‘ಕಜು ಚಾನ್, ಈ ತಿಂಗಳು ಮುಗಿಯೋದ್ರೊಳಗೆ ಒಂದ್ಸಲ ಹೋಗ್ಬರೋಣ ಕಣೇ.’

‘ಯಾಕೆ?’

‘ಯಾಕೆ ಅಂತ ಕೇಳ್ಬೇಡ.’

‘ಹೇಳು ಮತ್ತೆ.’

‘ಹೇಳಿದ್ರೆ ನೀನೇ ನನ್ನ ಮೇಲೆ ಹಾರಾಡ್ತೀಯ. ನೋಡದೋರಿಗೆ ಹೇಳಬಾರದು ಅಂತ ನಿಯಮ ಮಾಡಿದೋಳೇ ನೀನು. ನನ್ನ ಮಾತು ನಂಬು, ಮೇ ಮುಗಿಯೋದ್ರೊಳಗೆ.’

ನನಗೆ ಎಲ್ಲಿಂದ ಸಿಟ್ಟು ಬಂತೋ. ‘ಗೊತ್ತು ಬಿಡು. ಜೂನ್‌ಗೆ ಹೊರಡೋ ಮುಂಚೆ ಬೇಗ ಬೇಗ ನೋಡಿ ಮುಗಿಸಿ, ಕೈ ತೊಳ್ಕೊಂಡು ಹೋಗ್ಬೇಕು ನಿನಗೆ. ನೋಡಿಬಿಟ್ರೆ ಆಮೇಲೆ ನವೆಂಬರಿಗೆ ಅಷ್ಟು ದೂರದಿಂದ ಯಾಕೆ ಬರ್ತೀಯ ನೀನು?’

ತೊಕಿಯ ಮುಖ ಬಿಳಿಚಿತು. ಹತ್ತಿರದ ಮೇಜಿನವರು ತಿರುಗಿ ನೋಡಿದರು. ಅವಳು ಪಾಲಿನ ದುಡ್ಡು ಇಟ್ಟು, ಛತ್ರಿ ಮರೆತು ಹೋದಳು. ಛತ್ರಿ ಈಗ ನಮ್ಮ ಬಾಗಿಲ ಹತ್ತಿರ ಇದೆ.

ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?

ಮೇ 14, ಮಂಗಳವಾರ

ತೊಕಿಯಿಂದ ಸುದ್ದಿಯಿಲ್ಲ. ನಾನೂ ಕಳಿಸಲಿಲ್ಲ.

ಮೇ 22, ಬುಧವಾರ

ಮಂಡಿಯ ಕಲೆ ಇವತ್ತು ಇನ್ನೂ ಮೂವರದು.

ರೈಲಿನಲ್ಲಿ ಬೆನ್ನು ಹಾಕಿ ಕೂತಿದ್ದೆ. ಎದುರಿನ ಕಿಟಕಿಯ ಗಾಜಿನಲ್ಲಿ ಇದ್ದಕ್ಕಿದ್ದಂತೆ ದೀಪಸ್ತಂಭ ಬಂತು. ತಾಮ್ರದ ತಲೆಯ ಮೇಲೆ ಸಂಜೆಯ ಬಿಸಿಲು ಬಿದ್ದು ಗಾಜೆಲ್ಲ ಕೆಂಪಾಯಿತು. ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಗಾಜಿನಲ್ಲಿ ಬಿದ್ದ ನೆರಳನ್ನು ನೋಡಿದರೆ ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಸುಮ್ಮನೆ ‘ನೋಡಿದ್ಯಾ?’ ಅಂತ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ನಿದ್ದೆ ಮಾಡುತ್ತಿದ್ದರು.

ಮೇ 30, ಗುರುವಾರ

ಏನು ಬರೆಯಲಿ, ಎಲ್ಲಿಂದ ಬರೆಯಲಿ.

ಮಧ್ಯಾಹ್ನ ಅಂಗಡಿಗೆ ಟೋಪಿ, ಮಾಸ್ಕು, ಕಪ್ಪು ಕನ್ನಡಕದ ಒಬ್ಬರು ಬಂದು ಮಾತಿಲ್ಲದೆ ಕೌಂಟರಿನ ಮೇಲೆ ಒಂದು ಪ್ಯಾಂಟು ಇಟ್ಟರು. ಎರಡೂ ಮಂಡಿಯ ಮೇಲೆ ನೀಲಿ ಬೂದು ಹುಡಿ. ಒಂದೇ ದಿನದ್ದಲ್ಲ, ಪದರ ಪದರವಾಗಿ ಕೂತಿತ್ತು. ರಸೀದಿಗೆ ಹೆಸರು ಕೇಳಿದೆ. ಬೆಳಗಿನ ಪ್ರಾರ್ಥನೆಯ ದನಿಯಲ್ಲಿ, ‘ಉಶಿಯಾಮಾ’ ಅಂದರು.

ಅವರು ಬೇರೆ ಅಂಗಡಿಗೆ ಹೋಗಬಹುದಿತ್ತು. ಗುರುವಾರ ನನಗೆ ರಜೆ ಅಂದುಕೊಂಡಿದ್ದರಂತೆ.

‘ಯಾವಾಗ ಹೋದ್ರಿ?’

‘ಮೊದಲನೇ ದಿನವೇ. ಸುಮ್ನೆ ಹೊರಗಿಂದ ನೋಡೋಣ ಅಂತ. ಆಮೇಲೆ... ತಡ್ಕೊಳ್ಳೋಕೆ ಆಗ್ಲಿಲ್ಲ ನಿಶಿಗಾಕಿ ಸಾನ್. ದಿನಾ ಹೋಗ್ತಿದೀನಿ.’ ಕನ್ನಡಕ ತೆಗೆದರು. ಆಮೇಲೆ ಮೆಲ್ಲಗೆ, ‘ನೀವು? ನೀವೂ ಒಳಗೊಳಗೇ ಹೋಗ್ಬಂದಿರ್ಬೇಕಲ್ಲ?’

‘ಇಲ್ಲ. ನಾನು ಮಾತು ಕೊಟ್ಟಿದ್ದೆ.’

‘ಇವತ್ತಿನವರೆಗೂ? ನನ್ನ ಮಾತು ಕಟ್ಕೊಂಡು?’ ಅವರ ಮುಖ ನೋಡಲಾಗಲಿಲ್ಲ. ಕೌಂಟರನ್ನು ಎರಡು ಕೈಯಿಂದ ಹಿಡಿದುಕೊಂಡರು. ‘ನಾನೀಗ ನಿಯಮ ಮುರೀತೀನಿ. ಮುರೀದೆ ಇದ್ರೆ ನನಗೆ ನರಕವೇ. ಕೇಳಿ. ದೋಣಿ ಸವಾರಿ ಇನ್ನೂ ಶುರುವಾಗಿಲ್ಲ, ಅದಕ್ಕೆ ಬಂದರಿಗೆ ನೀರು ಬಿಟ್ಟಿಲ್ಲ. ಈಗ ಜನರನ್ನ ಕೆಳಗಿಳಿಸ್ತಾರೆ, ಸಮುದ್ರದ ತಳದಲ್ಲಿ ನಡೆಯೋಕೆ. ನಾಳೆ ಸೂರ್ಯ ಮುಳುಗೋವರೆಗೆ ಮಾತ್ರ. ನಾಡಿದ್ದು ನೀರು ಬಿಡ್ತಾರೆ. ಆಮೇಲೆ ಇನ್ಯಾವತ್ತೂ ಯಾರೂ ಅಲ್ಲಿ ಕಾಲಿಡಲ್ಲ.’

ಮೇ ಮುಗಿಯೋದ್ರೊಳಗೆ. ಯಾಕೆ ಅಂತ ಕೇಳ್ಬೇಡ.

ತೊಕಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಂಗಡಿಯ ಒಡತಿಗೆ ನಾಳೆ ರಜೆ ಬೇಕೆಂದು ಹೇಳಿ, ಮನೆಯಿಂದ ಛತ್ರಿ ತೆಗೆದುಕೊಂಡು ಅವಳ ಮನೆಗೆ ಓಡಿದೆ. ಬಾಗಿಲು ತೆರೆದಾಗ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಹಿಂದೆ ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅವುಗಳನ್ನು ನೋಡಿದಾಗಲೇ, ಅವಳು ನಿಜವಾಗಿಯೂ ಹೋಗುತ್ತಾಳೆ ಎಂದು ನನಗೆ ಗೊತ್ತಾದದ್ದು.

‘ಛತ್ರಿ ಕೊಡೋಕೆ ಬಂದ್ಯಾ?’ ಅಂದಳು.

‘ನಾಳೆ ಬಿಡುವಿದ್ಯಾ?’

‘ನಾಡಿದ್ದು ಸಾಮಾನಿನ ಲಾರಿ ಬರುತ್ತೆ. ಅಡುಗೆಮನೆ ಹಾಗೇ ಇದೆ.’ ನನ್ನ ಮುಖ ನೋಡಿದಳು. ‘ಯಾರು ಹೇಳಿದ್ದು?’

‘ಉಶಿಯಾಮಾ ಸಾನ್. ದಿನಾ ಹೋಗ್ತಿದ್ದರಂತೆ.’

ತೊಕಿ ಬಾಗಿಲಿಗೆ ಒರಗಿ, ಬಟ್ಟೆ ಕಟ್ಟಿದ ತಲೆ ಕುಣಿಸಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ‘ಬೆಳಿಗ್ಗೆ ಗೇಟು ತೆಗೆಯೋ ಮುಂಚೆ ಬಾ’ ಅಂದಳು. ‘ತಡ ಮಾಡಿದ್ರೆ ನಾನೊಬ್ಳೇ ಹೋಗ್ತೀನಿ, ನೋಡ್ತಿರು.’

ಮೇ 31, ಶುಕ್ರವಾರ

ಹೋದೆವು.

ಬೀದಿ, ಅಂಗಡಿ, ತಿಂಡಿಗಾಡಿ ಯಾವುದನ್ನೂ ನೋಡಲಿಲ್ಲ, ನೇರ ನಡೆದೆವು. ಬೀದಿಯ ಕೊನೆಯಲ್ಲಿ ಕಲ್ಲಿನ ಕಟ್ಟೆ. ಕಟ್ಟೆಯ ಆಚೆ ನೀರಿರಬೇಕಾದಲ್ಲಿ ಬರೀ ಗಾಳಿ. ದೋಣಿಗಳು ತಳದ ಮೇಲೆ ಪಕ್ಕಕ್ಕೆ ವಾಲಿ ಕೂತಿದ್ದವು. ಜನ ಮೆಟ್ಟಿಲಿಳಿದು ಅವುಗಳ ನಡುವೆ ಚಿಕ್ಕ ಚಿಕ್ಕದಾಗಿ ಓಡಾಡುತ್ತಿದ್ದರು, ಮತ್ತು ಅಷ್ಟು ಜನರಿದ್ದರೂ ಗದ್ದಲವಿರಲಿಲ್ಲ. ದೇಗುಲದೊಳಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು.

ಮೆಟ್ಟಿಲಿಳಿಯುವಾಗ ತೊಕಿ ನನ್ನ ತೋಳು ಹಿಡಿದುಕೊಂಡಳು. ಕೊನೆಯ ಮೆಟ್ಟಿಲಿನಿಂದ ಇಬ್ಬರೂ ಒಟ್ಟಿಗೆ ಕಾಲಿಟ್ಟೆವು. ತಳವೆಲ್ಲ ನೀಲಿ ಬೂದು, ಮರಳು ಅಲೆ ಅಲೆಯಾಗಿ ಬಿದ್ದ ಹಾಗೆ ಕೈಯಿಂದ ತಿದ್ದಿದ್ದು. ಶಂಖ, ನಕ್ಷತ್ರಮೀನು, ಒಡೆದ ಬಟ್ಟಲು, ಯಾರದೋ ಒಂದು ಮರದ ಚಪ್ಪಲಿ. ಸರಪಳಿಯ ಒಂದೊಂದು ಕೊಂಡಿಯ ಮೇಲೂ ತುಕ್ಕು, ತುಕ್ಕಿನ ಮೇಲೆ ಪಾಚಿ. ಎಲ್ಲವೂ ಸಿಮೆಂಟು ಮತ್ತು ಬಣ್ಣ. ನನಗೆ ಗೊತ್ತು. ಗೊತ್ತಿದ್ದೂ ಉಸಿರು ಹಿಡಿದು ನಡೆದೆ, ನೀರೊಳಗೆ ಇದ್ದೇನೆ ಎನ್ನುವಂತೆ.

ಮುಳುಗಿದ ಹಾಗೆ ಮಾಡಿಟ್ಟ ದೋಣಿಯೊಂದರ ಪಕ್ಕದಲ್ಲಿ ಸಾಲಿತ್ತು. ಜನ ಒಬ್ಬೊಬ್ಬರಾಗಿ ಮೊಣಕಾಲೂರಿ, ದೋಣಿಯ ಅಡಿಯಲ್ಲಿ ಬಗ್ಗಿ ನೋಡಿ, ಎದ್ದು ಹೋಗುತ್ತಿದ್ದರು. ನಮ್ಮ ಸರದಿ ಬಂತು. ಇಬ್ಬರೂ ಪಕ್ಕ ಪಕ್ಕ ಮಂಡಿಯೂರಿದೆವು.

ದೋಣಿಯ ಹೊಟ್ಟೆಯ ಅಡಿ, ಕತ್ತಲಲ್ಲಿ, ಒಂದು ಆಕ್ಟೋಪಸ್. ಮಡಕೆಯೊಂದನ್ನು ಎಲ್ಲ ಕೈಗಳಿಂದ ತಬ್ಬಿ ಕೂತಿತ್ತು. ಮಡಕೆಯ ಒಳಗಡೆ ಅದರ ಮೊಟ್ಟೆಗಳು, ದ್ರಾಕ್ಷಿಗೊಂಚಲಿನ ಹಾಗೆ ಇಳಿಬಿದ್ದಿದ್ದವು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಂಡಿತು, ಅಕ್ಕಿಕಾಳಿನಷ್ಟು ಚಿಕ್ಕ ಮೊಟ್ಟೆಗಳಲ್ಲಿ ಪ್ರತಿಯೊಂದರಲ್ಲೂ ಎರಡೆರಡು ಕಪ್ಪು ಚುಕ್ಕೆ. ಕಣ್ಣುಗಳು. ಯಾರೋ ಅಂಗಾತ ಮಲಗಿ, ಒಂದೊಂದಕ್ಕೂ ಕಣ್ಣು ಬರೆದಿದ್ದರು.

ತೊಕಿ ಅಲ್ಲಿ ನಿಂತಿದ್ದ ಸಿಬ್ಬಂದಿ ಹುಡುಗಿಯನ್ನು ಕೇಳಿದಳು, ‘ನೀರು ಬಂದ ಮೇಲೂ ಇದು ಕಾಣುತ್ತಾ?’

‘ಇಲ್ಲಮ್ಮ. ನೀರಿಗೆ ಹಸಿರು ಬಣ್ಣ ಕಲೆಸ್ತಾರೆ. ದೋಣಿಯಿಂದ ತಳ ಏನೂ ಕಾಣಲ್ಲ.’

‘ಮೊದಲು ಜನರನ್ನ ಇಳಿಸೋದು ಅಂತಲೂ ಇರಲಿಲ್ವಂತಲ್ಲ?’

‘ಇಲ್ಲ, ಅದು ಆಮೇಲೆ ಯಾರಿಗೋ ಹೊಳೆದಿದ್ದು.’

‘ಹಾಗಾದ್ರೆ ಯಾಕಮ್ಮ ಇಷ್ಟೆಲ್ಲ ಮಾಡಿದ್ರು?’

ಹುಡುಗಿ ಯೋಚಿಸಿದಳು. ಕಲಿಸಿಕೊಟ್ಟ ಉತ್ತರ ಅವಳ ಹತ್ತಿರ ಇರಲಿಲ್ಲ ಎಂದು ಕಾಣುತ್ತದೆ. ‘ಬಂದರು ಅಂದ ಮೇಲೆ ತಳ ಇರ್ಬೇಕಲ್ವಾ’ ಅಂದಳು.

ನಾನು ಇನ್ನೊಂದು ಸಲ ಬಗ್ಗಿ ನೋಡಿದೆ. ಯಾರೂ ನೋಡಲಿ ಎಂದು ಮಾಡಿದ್ದಲ್ಲ. ನವೆಂಬರಿಗೆ ಪೂರ್ತಿಯಾದ ಮೇಲೆ ಬಂದಿದ್ದರೆ, ನಾನು ಇದರ ತಲೆಯ ಮೇಲೆಯೇ ದೋಣಿಯಲ್ಲಿ ಹೋಗಿ, ಎಲ್ಲವನ್ನೂ ನೋಡಿದೆ ಅಂತ ಮನೆಗೆ ಬರುತ್ತಿದ್ದೆ. ಹಾಗೆ ಅನಿಸಿದ ಕೂಡಲೇ ಅಳು ಬಂತು. ಸಾಲಿನಲ್ಲಿದ್ದವರು ಯಾರೂ ಬೇಗ ಏಳಿ ಅನ್ನಲಿಲ್ಲ.

ಆಮೇಲೆ ಕಟ್ಟೆಯ ಗೋಡೆಗೆ ಒರಗಿ ಕೂತು ಅಕ್ಕಿಯುಂಡೆ ತಿಂದೆವು. ಗೋಡೆಯ ಮೇಲೆ, ನೀರು ಎಲ್ಲಿವರೆಗೆ ಬರುತ್ತದೆ ಎಂದು ತೋರಿಸಲು ಬಿಳಿ ಗೆರೆ ಎಳೆದಿದ್ದರು. ತೊಕಿ ನನಗಿಂತ ಗೇಣು ಕುಳ್ಳಿ. ಎದ್ದು ನಿಂತು ಕೈ ಎತ್ತಿದಳು, ಗೆರೆ ಸಿಗಲಿಲ್ಲ. ತುದಿಗಾಲಲ್ಲಿ ನಿಂತಳು, ಆಗಲೂ ಸಿಗಲಿಲ್ಲ. ಐವತ್ತಾರು ವರ್ಷದ ಹೆಂಗಸು, ಆಚೀಚೆ ನೋಡಿ, ಸ್ಕರ್ಟು ಸರಿ ಮಾಡಿಕೊಂಡು, ಒಂದು ಸಲ ಹಾರಿದಳು. ಬೆರಳ ತುದಿ ಗೆರೆ ಮುಟ್ಟಿತು.

‘ಇಷ್ಟು ನೀರು ಬರುತ್ತೆ’ ಅಂದಳು ಏದುಸಿರು ಬಿಡುತ್ತ.

ಸಂಜೆಯವರೆಗೂ ಅಲ್ಲೇ ಇದ್ದೆವು. ಬಾಗಿಲು ಹಾಕುವ ಹೊತ್ತಿಗೆ ಸಿಬ್ಬಂದಿ ಕಟ್ಟೆಯ ಮೇಲೆ ಸಾಲಾಗಿ ನಿಂತು ಕೈ ಬೀಸಿದರು. ಕೆಳಗಿದ್ದ ನಾವೆಲ್ಲ ಖಾಲಿ ಸಮುದ್ರಕ್ಕೆ ತಿರುಗಿ ತಲೆ ಬಾಗಿಸಿ ಮೇಲೆ ಬಂದೆವು. ಉಶಿಯಾಮಾ ಸಾನ್ ಕೂಡ ಅಲ್ಲಿದ್ದರು, ಟೋಪಿ ಮಾಸ್ಕು ಇಲ್ಲದೆ. ಬೇರೆ ಪ್ಯಾಂಟು, ಅದರ ಮಂಡಿಯೂ ಹಾಳು.

ಗೇಟಿನ ಹತ್ತಿರ ತೊಕಿ ಹೇಳಿದಳು, ‘ನವೆಂಬರಿಗೆ ನನಗೋಸ್ಕರ ಕಾಯ್ಬೇಡ. ಮೇಲಿಂದು ನೀನು ನೋಡು. ಕೆಳಗಿಂದು ಇಬ್ಬರೂ ನೋಡಿದ್ವಲ್ಲ.’

ನಾನು ವಾದ ಮಾಡಲಿಲ್ಲ. ಸುಸ್ತಾಗಿತ್ತು, ಅದಕ್ಕೇ ಇರಬೇಕು.

ಜೂನ್ 2, ಭಾನುವಾರ

ತೊಕಿಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಛತ್ರಿಯನ್ನು ಮತ್ತೆ ನಮ್ಮ ಮನೆಯಲ್ಲೇ ಬಿಟ್ಟಿದ್ದಾಳೆ. ಈ ಸಲ ಮರೆತದ್ದಲ್ಲ ಅನಿಸುತ್ತದೆ. ನನಗೆ ಬಹಳ ಬೇಜಾರಾಗಿದೆ.

ನನ್ನ ಪ್ಯಾಂಟಿನ ಹುಡಿ ಇನ್ನೂ ತೆಗೆದಿಲ್ಲ.

ನವೆಂಬರ್ 10, ಭಾನುವಾರ

ಕೂಟಕ್ಕೆ ಹೊಸಬನೊಬ್ಬ ಬಂದಿದ್ದ. ಮುಂದಿನ ವರ್ಷ ಮೂರನೇ ಹಂತವೂ ತೆರೆದ ಮೇಲೆ, ಎಲ್ಲ ಪೂರ್ತಿಯಾದ ಮೇಲೆಯೇ ತಾನು ಕಾಲಿಡುವುದಂತೆ. ಚೆನ್ನಾಗಿ ಬೈದೆ. ಒಂದೊಂದು ಮೊಗ್ಗು ಅರಳುವಾಗಲೂ ಇರಬೇಕಪ್ಪ ಅಂದೆ. ಇಂಥ ಮೊಂಡು ಜನ ಎಲ್ಲಿಂದ ಬರುತ್ತಾರೋ. ಉಶಿಯಾಮಾ ಸಾನ್ ಯಾಕೋ ಮೆಲನ್ ಸೋಡಾ ಕುಡಿಯುತ್ತಿದ್ದವರು ಕೆಮ್ಮತೊಡಗಿದರು.

ನವೆಂಬರ್ 16, ಶನಿವಾರ

ದೀಪಸ್ತಂಭ ಬೆಳಗಿತು. ಅದರ ಬೆಳಕು ಮಂಜಿನ ಮೇಲೆ ನಿಧಾನವಾಗಿ ತಿರುಗಿದಾಗ ಸಾವಿರ ಜನ ಒಟ್ಟಿಗೆ ಸುಮ್ಮನಾದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೊಕಿ ಸಾಕುರಾ ಅರಳುವ ಹೊತ್ತಿಗೆ ಬರುತ್ತಾಳಂತೆ, ಅಲ್ಲಿಯವರೆಗೆ ಒಂದು ಮಾತೂ ಹೇಳಕೂಡದು ಅಂತ ಕಟ್ಟಪ್ಪಣೆ. ಬರೆದರೆ ಬಾಯಿಗೂ ಬಂದೀತು.

ದೋಣಿ ಸವಾರಿಯನ್ನು ಮಾತ್ರ ಬರೆಯುತ್ತೇನೆ. ಉಶಿಯಾಮಾ ಸಾನ್ ಮತ್ತು ನಾನು ಮೊದಲ ದೋಣಿಗಳಲ್ಲೊಂದರಲ್ಲಿ ಕೂತೆವು. ನೀರು ಹಸಿರು, ದಪ್ಪ, ಒಳಗೇನೂ ಕಾಣದು. ಮುಳುಗಿದ ದೋಣಿಯ ಮೂತಿಯ ತುದಿಯೊಂದು ಮೇಲೆ ಕಾಣುತ್ತಿತ್ತು. ಅದರ ಹತ್ತಿರ ಬಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳದೆಯೇ ತಲೆ ಬಾಗಿಸಿದೆವು.

ಎದುರಿಗೆ ಕೂತಿದ್ದ ತರುಣ ದಂಪತಿಗಳಲ್ಲಿ ಹೆಂಡತಿ ಅಂಚಿನಿಂದ ಬಗ್ಗಿ ನೋಡಿ, ‘ಏನೂ ಕಾಣ್ತಿಲ್ಲ. ಎಷ್ಟು ಆಳ ಇರಬಹುದು?’ ಎಂದು ಗಂಡನನ್ನು ಕೇಳಿದಳು. ಗಂಡ ದೋಣಿಯವನ ಮುಖ ನೋಡಿದ. ದೋಣಿಯವನು ಕಲಿಸಿಕೊಟ್ಟ ಹಾಗೆ, ‘ಅದನ್ನ ಮಂಜಿನ ಹತ್ತಿರವೇ ಕೇಳ್ಬೇಕು’ ಅಂದ.

‘ನನ್ನ ಗೆಳತಿ ಕೈ ಎತ್ತಿ ಒಂದ್ಸಲ ಹಾರಿದಷ್ಟು’ ಅಂದೆ ನಾನು.

ಅವಳು ನನ್ನನ್ನು ನೋಡಿ ನಕ್ಕಳು, ತಮಾಷೆ ಅಂದುಕೊಂಡು. ದೋಣಿ ಮುಂದಕ್ಕೆ ಹೋಯಿತು.